ಹೊತ್ತು ಮುಳುಗಿತು

ಅಲಂಕಾರಶಾಸ್ತ್ರದ ಪಾಠವೆಂದರೆ ನಮ್ಮ ಕಾಲೇಜಿನ ಹುಡುಗರಿಗೆ ಕಹಿಗುಳಿಗೆ. ‘ಅಂತೆ’ ಎಂಬ ಮಾತು ಕಂಡರೆ ಉಪಮೆ, ಕಾಣದಿದ್ದರೆ ರೂಪಕ, ಎರಡಕ್ಕೂ ಸಿಕ್ಕದಿದ್ದರೆ ಉತ್ಪ್ರೇಕ್ಷೆ ಎಂದು ಬರೆದು ದೇವರ ಮೇಲೆ ಭಾರ ಹಾಕುತ್ತಾರೆ. ಉಪಮೇಯ, ಉಪಮಾನ, ಸಮಾನಧರ್ಮ, ವಾಚಕ ಎಂದು ನಾಲ್ಕು ಅಂಗಗಳನ್ನು ಒಪ್ಪಿಸಿಬಿಟ್ಟರೆ ಅಂಕ ಸಿಕ್ಕಿತು. ಕವಿತೆ ಸಿಕ್ಕಿತೇ ಎಂದು ಪ್ರಶ್ನಪತ್ರಿಕೆ ಕೇಳುವುದಿಲ್ಲ.

ಈ ಹೆಸರುಗಳು ಪರೀಕ್ಷೆಗಾಗಿ ಹುಟ್ಟಿದವಲ್ಲ. ಆಡಿದ ಮಾತು ಆಡಿದ್ದಕ್ಕಿಂತ ಹೆಚ್ಚನ್ನು ಹೇಗೆ ಹೇಳುತ್ತದೆ ಎಂಬ ಬೆರಗಿನಿಂದ ಹುಟ್ಟಿದವು. ‘ಗಂಗೆಯಲ್ಲಿ ಹಳ್ಳಿ’ ಎಂಬ ಹಳೆಯ ಉದಾಹರಣೆಯನ್ನೇ ನೋಡಿ. ನೀರಿನೊಳಗೆ ಹಳ್ಳಿ ಇರಲಾರದು. ದಡದಲ್ಲಿದೆ ಎಂದು ತಿಳಿಯುವುದು ಲಕ್ಷಣೆ. ದಡದಲ್ಲಿ ಎಂದೇ ಹೇಳಬಹುದಿತ್ತಲ್ಲ? ಹೇಳಿದ್ದರೆ ಗಂಗೆಯ ತಂಪೂ ಪಾವಿತ್ರ್ಯವೂ ಜೊತೆಗೆ ಬರುತ್ತಿರಲಿಲ್ಲ. ಅದು ವ್ಯಂಜನೆಯ ಕೆಲಸ. ಬಳೆ ಒಡೆದರೆ ‘ಹೆಚ್ಚಿತು’ ಎನ್ನುವ ನಮ್ಮ ಹೆಂಗಸರಿಗೆ ಇದನ್ನೆಲ್ಲ ಯಾವ ಪಂಡಿತರೂ ಪಾಠ ಹೇಳಿರಲಿಲ್ಲ.

9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಧ್ವನಿಗೆ ಕಾವ್ಯದ ಆತ್ಮಸ್ಥಾನವನ್ನೇ ಕೊಟ್ಟ. ಅದೇ ಶತಮಾನದ ನಮ್ಮ ಕವಿರಾಜಮಾರ್ಗ ಧ್ವನಿಯನ್ನು ಅಲಂಕಾರಗಳ ಸಾಲಿನಲ್ಲಿ ಕೂಡಿಸಿತು. ಅದಂತಿರಲಿ. ನನಗೆ ಪ್ರಿಯವಾದದ್ದು 11ನೆಯ ಶತಮಾನದ ಮಮ್ಮಟ ಕಾವ್ಯಪ್ರಕಾಶದಲ್ಲಿ ಕೊಡುವ ಪುಟ್ಟ ವಾಕ್ಯ. ಹೊತ್ತು ಮುಳುಗಿತು, ಅಷ್ಟೆ. ವಾಚ್ಯಾರ್ಥ ಒಂದೇ. ಆದರೆ ದನಗಾಹಿಗೆ ಅದು ದನ ಹೊಡೆದುಕೊಂಡು ಹೋಗು ಎಂದಂತೆ; ಅಂಗಡಿಯವನಿಗೆ ಸರಕು ಎತ್ತಿಡು ಎಂದಂತೆ; ದಂಡಿನವನಿಗೆ ಶತ್ರುವಿನ ಮೇಲೆ ಬೀಳಲು ಸಮಯವೆಂದಂತೆ. ಕಾದು ಕುಳಿತವಳಿಗೆ, ನಲ್ಲ ಇನ್ನೂ ಬರಲಿಲ್ಲವೆಂದಂತೆ.

ನನ್ನ ತಂದೆ ಕಚೇರಿ ಮುಗಿಸಿ ಸೈಕಲ್ಲಿನಲ್ಲಿ ಮನೆ ಸೇರುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ಅವರು ತೀರಿಕೊಂಡು 6 ವರ್ಷವಾಯಿತು. ತಾಯಿ ಈಗ ನಮ್ಮೊಡನೆ, ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿದ್ದಾಳೆ. ಸಂಜೆ ಬಾಲ್ಕನಿಯಲ್ಲಿ ಕುಳಿತು, ಯಾರಿಗೆಂದಿಲ್ಲದೆ, “ಹೊತ್ತು ಮುಳುಗಿತಲ್ಲೋ” ಎನ್ನುತ್ತಾಳೆ. ನನ್ನ ಮಗಳಿಗೆ ಅದು ಲೈಟು ಹಾಕು ಎಂದು ಕೇಳಿಸುತ್ತದೆ. ನನ್ನ ಹೆಂಡತಿಗೆ, ರಾತ್ರಿಯ ಮಾತ್ರೆಯ ನೆನಪು. ಇಬ್ಬರ ಅರ್ಥವೂ ಸರಿಯೆ. ಇಬ್ಬರೂ ಎದ್ದು ಕೆಲಸಕ್ಕೆ ತೊಡಗುತ್ತಾರೆ. ವ್ಯಂಜನೆ ಎಂದು ಹೆಸರಿಟ್ಟ ಮಾತ್ರಕ್ಕೆ ಆ ಮಾತಿನ ಭಾರ ಇಳಿಯುವುದಿಲ್ಲ. ಆದರೆ ಮಮ್ಮಟನನ್ನು ಓದಿರದಿದ್ದರೆ ನಾನೂ ಸ್ವಿಚ್ಚಿನ ಕಡೆಗೇ ಹೋಗುತ್ತಿದ್ದೆನೋ ಏನೋ. ಈಗ ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತುಕೊಳ್ಳುತ್ತೇನೆ. ಇಬ್ಬರೂ ಕೆಳಗಿನ ಗೇಟನ್ನು ನೋಡುತ್ತಿರುತ್ತೇವೆ.