ಮಿಲ್‌ನ ಉದಾರವಾದ: ಋಣಗಳ ಲೆಕ್ಕ

ವಿದ್ಯಾರ್ಥಿಯಾಗಿದ್ದಾಗ ಜಾನ್ ಸ್ಟುವರ್ಟ್ ಮಿಲ್‌ನ ಆತ್ಮಕಥೆಯನ್ನು ನಾನು ಓದಿದ್ದು ಒಳ್ಳೆಯ ಗದ್ಯದ ಮಾದರಿಯೆಂದು. ಅಧ್ಯಾಪನದಲ್ಲಿ ದೀರ್ಘಕಾಲ ಕಳೆದ ಮೇಲೆ ಈಚೆಗೆ ಮತ್ತೆ ಓದಿದಾಗ ಅದು ಋಣಗಳ ಲೆಕ್ಕಪುಸ್ತಕದಂತೆ ತೋರಿತು. ತನ್ನ ವಿಚಾರಗಳಲ್ಲಿ ಯಾವುದು ಯಾರಿಂದ ಬಂದುದೆಂದು ಇಷ್ಟು ಮುಕ್ತವಾಗಿ ಒಪ್ಪಿಕೊಂಡ ಚಿಂತಕರು ವಿರಳ.

ಮೊದಲ ಋಣ ತಂದೆ ಜೇಮ್ಸ್ ಮಿಲ್‌ನದು. ಮೂರರ ವಯಸ್ಸಿಗೆ ಗ್ರೀಕ್, ಎಂಟಕ್ಕೆ ಲ್ಯಾಟಿನ್, ಮುಂದೆ ಬೆಂಥಮ್‌ನ ಉಪಯುಕ್ತತಾವಾದ. ಹೀಗೆ ತರ್ಕದಲ್ಲಿ ಪಳಗಿದ ತರುಣ 1826ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಗಾಢವಾದ ವಿಷಾದಕ್ಕೆ ಒಳಗಾದ. ತಾನು ಬಯಸಿದ ಸುಧಾರಣೆಗಳೆಲ್ಲ ಈ ಕ್ಷಣವೇ ಕೈಗೂಡಿದರೂ ತನಗೆ ಸುಖವಾಗದೆಂದು ಅವನಿಗೆ ಅನ್ನಿಸಿತು. ಎರಡು ವರ್ಷಗಳ ಅನಂತರ ವರ್ಡ್ಸ್‌ವರ್ತ್‌ನ ಕಾವ್ಯ ಅವನಿಗೆ ಆಸರೆಯಾಯಿತು. ತರ್ಕದಂತೆಯೇ ಭಾವಕ್ಕೂ ಪೋಷಣೆ ಬೇಕೆಂಬುದನ್ನು ಅವನು ಅಲ್ಲಿ ಕಂಡುಕೊಂಡ.

ಮಿಲ್ ಬೆಳೆದದ್ದು ಮನೆಯ ಸಿದ್ಧಾಂತಕ್ಕೆ ಹೊರಗಿನವರಿಂದ ಕಲಿಯುತ್ತ. 1838ರಲ್ಲಿ ಬೆಂಥಮ್‌ನನ್ನು ವಿಮರ್ಶಿಸಿದ ಅವನು 1840ರಲ್ಲಿ ಸಂಪ್ರದಾಯಪರನಾದ ಕೋಲ್‌ರಿಜ್‌ನನ್ನು ಗೌರವದಿಂದ ವಿವೇಚಿಸಿದ. ಬಹುಮತವೂ ದಬ್ಬಾಳಿಕೆ ನಡೆಸಬಲ್ಲದೆಂಬ ಎಚ್ಚರ ಫ್ರಾನ್ಸಿನ ಟಾಕ್‌ವಿಲ್‌ನಿಂದ ಗಟ್ಟಿಯಾಯಿತು. ವ್ಯಕ್ತಿಯ ಬಹುಮುಖ ವಿಕಾಸದ ಆದರ್ಶ ಜರ್ಮನಿಯ ಹುಂಬೋಲ್ಟ್‌ನದು. ಎಲ್ಲಕ್ಕಿಂತ ಮಿಗಿಲಾಗಿ ಹ್ಯಾರಿಯೆಟ್ ಟೇಲರ್ ಇದ್ದಳು. 1859ರಲ್ಲಿ ಪ್ರಕಟವಾದ 'ಆನ್ ಲಿಬರ್ಟಿ' ಹಿಂದಿನ ವರ್ಷ ತೀರಿಕೊಂಡ ಆಕೆಯ ನೆನಪಿಗೆ ಅರ್ಪಿತವಾಗಿದೆ.

ಆದರೆ ಅದೇ ಗ್ರಂಥದ ಮೊದಲ ಅಧ್ಯಾಯದಲ್ಲಿ ಭಾರತೀಯ ಓದುಗ ತಡೆದು ನಿಲ್ಲುತ್ತಾನೆ. ಈ ಸ್ವಾತಂತ್ರ್ಯತತ್ತ್ವ ಹಿಂದುಳಿದ ಸಮಾಜಗಳಿಗೆ ಅನ್ವಯಿಸದೆಂದು ಮಿಲ್ ಅಲ್ಲಿ ಹೇಳುತ್ತಾನೆ. 1823ರಿಂದ 1858ರವರೆಗೆ ಅವನು ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿದ್ದ. ಆದರೂ ಈ ಮಾತಿನ ಬೇರು ಕಚೇರಿಗಿಂತ ಹಿಂದಿನದೆಂದು ನನಗನ್ನಿಸುತ್ತದೆ. ಭಾರತವನ್ನು ಕಾಣದೆ, ಇಲ್ಲಿನ ಭಾಷೆಗಳನ್ನು ಅರಿಯದೆ ಜೇಮ್ಸ್ ಮಿಲ್ ಬರೆದ ಬ್ರಿಟಿಷ್ ಇಂಡಿಯಾದ ಇತಿಹಾಸ 1817ರಲ್ಲಿ ಅಚ್ಚಿನಲ್ಲಿದ್ದಾಗ, ತಂದೆ ಕರಡು ತಿದ್ದಲು ಹಸ್ತಪ್ರತಿಯನ್ನು ಓದಿ ಹೇಳುತ್ತಿದ್ದವನು ಬಾಲಕ ಮಿಲ್. ತಂದೆಯ ತರ್ಕವನ್ನು ಮುಂದೆ ಪರೀಕ್ಷಿಸಿದವನು ಈ ಪಾಠವನ್ನು ಅಷ್ಟೇ ನಿಷ್ಠುರವಾಗಿ ಪರೀಕ್ಷಿಸಲಿಲ್ಲ.

ಇದನ್ನು ದೋಷಾರೋಪಣೆಯೆಂದು ಬರೆಯುವ ನೈತಿಕ ಅಧಿಕಾರ ನನಗಿಲ್ಲ. ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ಹಳಗನ್ನಡದ ಒಬ್ಬ ಕವಿಯನ್ನು ಕೇವಲ ಅನುಕರಣಶೀಲನೆಂದು ಒಂದೇ ವಾಕ್ಯದಲ್ಲಿ ತಳ್ಳಿಹಾಕಿದ್ದೆ. ಅದು ನಾನು ಗೌರವಿಸುತ್ತಿದ್ದ ಹಿರಿಯರೊಬ್ಬರ ಅಭಿಪ್ರಾಯ. ಆ ಕಾವ್ಯವನ್ನು ನಾನು ಪೂರ್ತಿ ಓದಿದ್ದು ಹದಿನೈದು ವರ್ಷಗಳ ಅನಂತರ. ಅಷ್ಟರಲ್ಲಿ ನನ್ನ ಇಬ್ಬರು ವಿದ್ಯಾರ್ಥಿಗಳು ಆ ವಾಕ್ಯವನ್ನು ತಮ್ಮ ಪ್ರಬಂಧಗಳಲ್ಲಿ ಉದ್ಧರಿಸಿಯಾಗಿತ್ತು.

ನಾವು ಹೆಸರಿಸಬಲ್ಲ ಋಣಗಳನ್ನು ತೀರಿಸುವುದು ಸುಲಭ. ಈಗ ಸಂಶೋಧನಾರ್ಥಿಗಳು ಬಂದಾಗ ಅವರು ಯಾರನ್ನು ಒಪ್ಪುತ್ತಾರೆಂದು ಕೇಳುವ ಮುನ್ನ, ಯಾವ ತೀರ್ಪನ್ನು ಓದದೆಯೇ ಒಪ್ಪಿದ್ದಾರೆಂದು ಕೇಳುತ್ತೇನೆ.