ಹಳೆಯ ಬಂಡಿಯ ಓಲಾಟ

ಚಕ್ರವುಳ್ಳ ವಾಹನಗಳೆಲ್ಲವೂ ತಿರುವಿನಲ್ಲಿ ತಮ್ಮ ಶೀಲವನ್ನು ಹೊರಗೆಡಹುತ್ತವೆ. ನೇರವಾದ ಹಾದಿಯಲ್ಲಿ ಸಾಧುವಾಗಿ ಸಾಗುವ ಬಂಡಿಯು ನಿಜವಾಗಿ ಎಂತಹದೆಂಬುದು ಹಾದಿಯು ಬಾಗಿದಾಗಲೇ ತಿಳಿಯತಕ್ಕದ್ದು. ಹುಲ್ಲನ್ನು ಎತ್ತರವಾಗಿ ಹೇರಿಕೊಂಡ ಎತ್ತಿನ ಬಂಡಿಯು ಕೆರೆಯ ಏರಿಯ ಮೇಲೆ ಹೊರಳುವಾಗ, ಹಿಂದೆ ನಡೆದು ಬರುವ ಆಳುಗಳು ಓಡಿಹೋಗಿ ಒಂದು ಮಗ್ಗುಲಿಗೆ ಹೆಗಲು ಕೊಡುವುದನ್ನು ಕಂಡವರಿಗೆ ಓಲಾಟವೆಂದರೇನೆಂದು ವಿವರಿಸಬೇಕಾದುದಿಲ್ಲ. ಆದರೆ ಎತ್ತಿನ ಬಂಡಿಗೆ ಸ್ಪ್ರಿಂಗುಗಳೂ ಇಲ್ಲ, ವೇಗವೂ ಇಲ್ಲ. ಮೋಟಾರು ಬಂಡಿಗೆ ಇವೆರಡೂ ಉಂಟು. ಅದರ ಮಗ್ಗುಲಿಗೆ ಹೆಗಲು ಕೊಡಲು ಓಡಿ ಬರುವ ಆಳುಗಳು ಮಾತ್ರ ಇಲ್ಲ. ಆ ಹೆಗಲಿನ ಕೆಲಸವನ್ನು ಒಂದು ಉಕ್ಕಿನ ಸಲಾಕೆಯು ಹೇಗೆ ಮಾಡುತ್ತದೆಂಬುದೂ, ಎಷ್ಟರಮಟ್ಟಿಗೆ ಮಾಡುತ್ತದೆಂಬುದೂ ಪ್ರಕೃತ ವಿಷಯ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಗ್ರಾಮಾಂತರಗಳಲ್ಲಿ ಪಿಕಪ್ ಟ್ರಕ್ಕೆಂಬ ವಾಹನವು ನಮ್ಮಲ್ಲಿಯ ಎತ್ತಿನ ಬಂಡಿಯಂತೆ ಮನೆಮಂದಿಯಲ್ಲಿ ಒಂದಾಗಿರುತ್ತದೆ. ಮುಂದೆ ಕುಳಿತುಕೊಳ್ಳುವ ಗೂಡು, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ: ಇಷ್ಟೇ ಅದರ ಆಕಾರ. ತಂದೆಯು ಕೊಂಡ ಟ್ರಕ್ಕನ್ನು ಮಗನು ನಡೆಸುವುದು ಅಲ್ಲಿ ಅಪರೂಪವಲ್ಲ. ಉತ್ತರ ಕೆರೊಲಿನಾದ ಬ್ಲೂ ರಿಜ್ ಪರ್ವತಗಳ ತಪ್ಪಲಲ್ಲಿ ವಾಸವಾಗಿರುವ ಗೃಹಸ್ಥನೊಬ್ಬನ ಮನೆಯಲ್ಲಿ 1968ರ ಷೆವ್ರೊಲೆ ಸಿ-10 ಇದೆ. ಅವನ ತಂದೆಯು ಅದರಲ್ಲಿ ಸೌದೆಯನ್ನು ಸಾಗಿಸುತ್ತಿದ್ದನು, ಇವನೂ ಸಾಗಿಸುತ್ತಾನೆ. ಮಗಳಿಗೆ ಹದಿನಾರು ವರ್ಷ ತುಂಬಿ, ಬಂಡಿ ನಡೆಸುವ ಪರವಾನಗಿಯು ಕೈಗೆ ಬಂದು, ಅಜ್ಜನ ಟ್ರಕ್ಕನ್ನೇ ತಾನು ನಡೆಸುವೆನೆಂದು ಅವಳು ಹಟ ಹಿಡಿದ ದಿನ, ಅಷ್ಟು ವರ್ಷಗಳಿಂದ ಅವನು ಲೆಕ್ಕಿಸದೆ ಬಿಟ್ಟಿದ್ದ ಓಲಾಟವು ಮೊದಲಬಾರಿಗೆ ಅವನ ನಿದ್ರೆಯನ್ನು ಕೆಡಿಸಿತು. ತನ್ನ ಪ್ರಾಣಕ್ಕೆ ಸಾಕೆನಿಸಿದ ಬಂಡಿಯು ಮಗಳ ಪ್ರಾಣಕ್ಕೆ ಸಾಲದೆಂದು ತೋರುವುದು ಪಿತೃಹೃದಯದ ಸ್ವಭಾವವಷ್ಟೆ.

ಆ ಕಾಲದ ಸಿ-10 ಬಂಡಿಯ ನಾಲ್ಕು ಚಕ್ರಗಳಿಗೂ ಸುರುಳಿ ಸ್ಪ್ರಿಂಗುಗಳುಂಟು. ಮುಂದಿನ ಎರಡು ಚಕ್ರಗಳು ಒಂದನ್ನೊಂದು ಅವಲಂಬಿಸದೆ ಬೇರೆಬೇರೆಯಾಗಿ ಮೇಲೆ ಕೆಳಗೆ ಆಡುತ್ತವೆ. ಇದರಿಂದ ಸವಾರಿಯು ಮೃದುವಾಗುತ್ತದೆ. ಆದರೆ ಮೃದುತ್ವಕ್ಕೆ ತೆರಬೇಕಾದ ಬೆಲೆಯೂ ಇದೆ. ಬಂಡಿಯು ಎಡಕ್ಕೆ ತಿರುಗುವಾಗ ಅದರ ಮೈಯು ಬಲಕ್ಕೆ ವಾಲುತ್ತದೆ. ಬಲಗಡೆಯ ಸ್ಪ್ರಿಂಗುಗಳು ಕುಗ್ಗುತ್ತವೆ, ಎಡಗಡೆಯವು ಹಿಗ್ಗುತ್ತವೆ. ಪೆಟ್ರೋಲಿನ ತೊಟ್ಟಿಯು ಆ ವರ್ಷಗಳ ಬಂಡಿಗಳಲ್ಲಿ ಗೂಡಿನೊಳಗೆ ಆಸನದ ಬೆನ್ನಿಗೇ ಇರುವುದರಿಂದ ಆ ಭಾರವೂ ಎತ್ತರದಲ್ಲಿಯೇ ಸೇರುತ್ತದೆ. ಮೇಲೆ ಸೌದೆಯನ್ನು ಹೇರಿದರೆ ಹೇಳತಕ್ಕದ್ದೇನು! ಷಾಕ್ ಅಬ್ಸಾರ್ಬರುಗಳನ್ನು ಹೊಸದಾಗಿ ಹಾಕಿದರೆ ಸಾಕೆಂದು ಕೆಲವರು ತಿಳಿಯುತ್ತಾರೆ. ಅವು ಓಲಾಟವನ್ನು ನಿಧಾನಗೊಳಿಸಬಲ್ಲುವೇ ಹೊರತು, ದೀರ್ಘವಾದ ತಿರುವಿನಲ್ಲಿ ವಾಲಿ ನಿಂತ ಮೈಯನ್ನು ಎತ್ತಿ ಹಿಡಿಯಲಾರವು.

ಇದಕ್ಕೆ ಪರಿಹಾರವಾದ ಸಲಾಕೆಗೆ ಸ್ವೇ ಬಾರ್ ಎಂದು ಹೆಸರು. ಕೆನಡಾ ದೇಶದ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಫ್ರೆಡರಿಕ್ಟನ್ ಎಂಬಲ್ಲಿಯ ಸ್ಟೀಫನ್ ಕೋಲ್ಮನ್ ಎಂಬಾತನು ಇಂತಹ ಸಲಾಕೆಗೆ 1919ರ ಏಪ್ರಿಲ್ 22ರಂದು ಪೇಟೆಂಟು ಪಡೆದನು. ಅದರ ರಚನೆಯು ಅತ್ಯಂತ ಸರಳ. ಸ್ಪ್ರಿಂಗಿನ ಉಕ್ಕಿನ ಉದ್ದನೆಯ ಸಲಾಕೆಯೊಂದು ಬಂಡಿಗೆ ಅಡ್ಡಲಾಗಿ ಎಡದಿಂದ ಬಲಕ್ಕೆ ಹೋಗುತ್ತದೆ. ನಡುಭಾಗವನ್ನು ರಬ್ಬರಿನ ಬುಷ್‌ಗಳ ಮೂಲಕ ಬಂಡಿಯ ಚೌಕಟ್ಟಿಗೆ ಬಿಗಿದಿರುತ್ತಾರೆ. ತುದಿಗಳೆರಡೂ ತೋಳುಗಳಂತೆ ಬಾಗಿ, ಒಂದೊಂದು ಚಕ್ರದ ಕಡೆಗೆ ಚಿಕ್ಕ ಕೊಂಡಿಗಳಿಂದ ಸೇರಿಕೊಂಡಿರುತ್ತವೆ. ಎರಡು ಚಕ್ರಗಳೂ ಒಟ್ಟಿಗೆ ಮೇಲೆದ್ದರೆ ಸಲಾಕೆಯು ಬುಷ್‌ಗಳಲ್ಲಿ ಸುಮ್ಮನೆ ತಿರುಗುತ್ತದೆ, ಯಾರಿಗೂ ಅಡ್ಡಿಯಿಲ್ಲ. ಒಂದು ಏರಿ ಮತ್ತೊಂದು ಇಳಿದಾಗ ಮಾತ್ರ ಅದು ತಿರುಚಿಕೊಳ್ಳಬೇಕಾಗುತ್ತದೆ, ಉಕ್ಕು ತಿರುಚಿಕೊಳ್ಳಲೊಲ್ಲದು, ಆ ಒಲ್ಲದಿರುವಿಕೆಯೇ ಬಂಡಿಯ ಮೈಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಕುರುಡನೂ ಕುಂಟನೂ ಕೂಡಿ ದಾರಿ ನಡೆದ ಅಂಧಪಂಗುನ್ಯಾಯದಂತೆ, ಬೇರೆಬೇರೆಯಾಗಿದ್ದ ಎರಡು ಚಕ್ರಗಳು ಇಲ್ಲಿ ಪರಸ್ಪರ ಬಾಧ್ಯತೆಗೆ ಒಳಪಡುತ್ತವೆ. ಬಾಧ್ಯತೆಯು ಎಲ್ಲಿಯೂ ಪೂರ್ಣಸುಖವಲ್ಲ: ಒಂದು ಚಕ್ರವು ಗುಂಡಿಗೆ ಬಿದ್ದ ಕುಲುಕು ಇನ್ನೊಂದಕ್ಕೂ ಸ್ವಲ್ಪ ತಟ್ಟುತ್ತದೆ.

ಸಲಾಕೆಯ ದಪ್ಪವನ್ನು ಆರಿಸುವುದರಲ್ಲಿ ಬಹಳ ವಿವೇಕ ಬೇಕು. ಅದರ ಬಿಗುವು ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ಒಂದು ಅಂಗುಲದ ಸಲಾಕೆಗೆ ಬದಲಾಗಿ ಒಂದೂಕಾಲು ಅಂಗುಲದ್ದನ್ನು ಹಾಕಿದರೆ, ಕಣ್ಣಿಗೆ ಕಾಣುವ ಅಂತರವು ಕಾಲಂಗುಲ. ಬಿಗುವು ಮಾತ್ರ ಸುಮಾರು 2.44 ಪಾಲು. ಸಲಾಕೆಯ ಒಳಗನ್ನು ಅರ್ಧವ್ಯಾಸದಷ್ಟು ಅಗಲಕ್ಕೆ ಟೊಳ್ಳುಮಾಡಿದರಾದರೋ ತೂಕದಲ್ಲಿ ನಾಲ್ಕನೆಯ ಒಂದು ಪಾಲು ಕಳೆಯುತ್ತದೆ, ಬಿಗುವಿನಲ್ಲಿ ಹದಿನಾರನೆಯ ಒಂದು ಪಾಲು ಮಾತ್ರ ಕಳೆಯುತ್ತದೆ. ತಿರುಚನ್ನು ತಾಳುವ ಹೊಣೆಯು ಹೆಚ್ಚಾಗಿ ಹೊರಮೈಯ ಮೇಲೆಯೇ ಬಿದ್ದಿರುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಡ.

ಇನ್ನು, ಅನೇಕರು ತಪ್ಪಾಗಿ ಗ್ರಹಿಸಿರುವ ವಿಷಯವೊಂದುಂಟು. ಸಲಾಕೆಯನ್ನು ಹಾಕಿದೊಡನೆ ಬಂಡಿಯು ಮಗುಚಲಾರದೆಂದು ಅವರ ನಂಬಿಕೆ. ತಿರುವಿನಲ್ಲಿ ಒಳಗಣ ಚಕ್ರಗಳಿಂದ ಹೊರಗಣ ಚಕ್ರಗಳಿಗೆ ವರ್ಗವಾಗುವ ಭಾರವನ್ನು ನಿರ್ಣಯಿಸತಕ್ಕವು ಮೂರು: ಭಾರಕೇಂದ್ರದ ಎತ್ತರ, ಚಕ್ರಗಳ ನಡುವಣ ಅಗಲ, ತಿರುವಿನ ಬಿರುಸು. ಮೈಯು ವಾಲಿದರೂ ವಾಲದಿದ್ದರೂ ಈ ಮೊತ್ತವು ಬಹುಮಟ್ಟಿಗೆ ಒಂದೇ. ಸಲಾಕೆಯು ಈ ಮೊತ್ತವನ್ನು ಕಡಿಮೆಮಾಡುವುದಿಲ್ಲ. ಮುಂದಿನ ಅಚ್ಚು ಎಷ್ಟು ಹೊರಬೇಕು, ಹಿಂದಿನದು ಎಷ್ಟು ಹೊರಬೇಕು ಎಂಬ ಹಂಚಿಕೆಯನ್ನಷ್ಟೇ ಬದಲಿಸುತ್ತದೆ.

ಈ ಹಂಚಿಕೆಯಲ್ಲಿಯೇ ಅಪಾಯವೂ ಅಡಗಿದೆ. ಭಾರವು ಹೆಚ್ಚಿದಂತೆ ಟೈರಿನ ಹಿಡಿತವೂ ಹೆಚ್ಚುವುದಾದರೂ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಆದುದರಿಂದ ಯಾವ ಅಚ್ಚಿಗೆ ಬಿಗಿಯಾದ ಸಲಾಕೆಯಿದೆಯೋ ಆ ಅಚ್ಚಿನ ಜೋಡಿ ಚಕ್ರಗಳೇ ಮೊದಲು ಜಾರತಕ್ಕವು. ಮುಂದಿನವು ಜಾರಿದರೆ ಬಂಡಿಯು ತಿರುಗಬೇಕಾದಷ್ಟು ತಿರುಗದೆ ಹೊರಗಡೆಗೆ ಸರಿಯುತ್ತದೆ. ಆಗ ಆಕ್ಸಿಲರೇಟರಿನಿಂದ ಕಾಲನ್ನು ಸಾವಕಾಶವಾಗಿ ತೆಗೆದರೆ ಬಹುಶಃ ಹಿಡಿತಕ್ಕೆ ಬರುತ್ತದೆ. ಹಿಂದಿನವು ಜಾರಿದರೆ ಬಾಲವು ಬೀಸಿ ಬಂಡಿಯು ಬುಗುರಿಯಂತೆ ಸುತ್ತುತ್ತದೆ. ಅದನ್ನು ಸರಿಪಡಿಸಲು ನುರಿತ ಕೈ ಬೇಕು. ಬರಿದಾದ ಪಿಕಪ್ಪಿನ ಹಿಂಭಾಗವಾದರೋ ಮೊದಲೇ ಹಗುರ. ಮಳೆಯಲ್ಲಿ ನೆನೆದ ರಸ್ತೆ, ಬರಿಯ ತೊಟ್ಟಿ, ಹಿಂದೆ ಮಾತ್ರ ದಪ್ಪನೆಯ ಸಲಾಕೆ, ಹದಿನಾರರ ಸಾರಥಿ: ಈ ನಾಲ್ಕೂ ಒಂದೆಡೆ ಕೂಡಬಾರದು.

ಆ ಗೃಹಸ್ಥನು ಇದನ್ನೆಲ್ಲ ವಿಚಾರಮಾಡಿ, ಮುಂದಿನ ಅಚ್ಚಿಗೆ ಮಾತ್ರ ಮಿತವಾದ ದಪ್ಪದ ಸಲಾಕೆಯನ್ನು ತರಿಸಿದನು. ಆದರೆ ಅದನ್ನು ಜೋಡಿಸುವ ಮೊದಲು ಸವೆದ ಬಾಲ್ ಜಾಯಿಂಟುಗಳನ್ನೂ ಗಟ್ಟಿಯಾಗಿ ಬಿರುಕುಬಿಟ್ಟಿದ್ದ ಹಳೆಯ ಟೈರುಗಳನ್ನೂ ಬದಲಾಯಿಸಿದನು. ಜ್ವರವಿರುವವನಿಗೆ ಹಾರ ಹಾಕಿದ ಮಾತ್ರಕ್ಕೆ ಜ್ವರವು ಬಿಡುವುದೆ? ಅನಂತರ ಬಂಡಿಯನ್ನು ಎತ್ತಿ, ಜಾಕನ್ನು ನಂಬದೆ, ಚೌಕಟ್ಟಿನ ಕೆಳಗೆ ಗಟ್ಟಿಯಾದ ಆಧಾರಗಳನ್ನು ಕೊಟ್ಟನು. ಸ್ಟೀರಿಂಗನ್ನು ಎರಡು ಕೊನೆಗಳವರೆಗೂ ತಿರುಗಿಸಿ, ಚಕ್ರಗಳನ್ನು ಮೇಲೆ ಕೆಳಗೆ ಆಡಿಸಿ, ಸಲಾಕೆಯು ಟೈ ರಾಡಿಗಾಗಲಿ ಬ್ರೇಕಿನ ಕೊಳವೆಗಾಗಲಿ ತಗಲುವುದಿಲ್ಲವೆಂದು ಮಗಳಿಗೂ ತೋರಿಸಿ ಖಚಿತಪಡಿಸಿಕೊಂಡನು. ಒಂದು ತೂತು ಕೂದಲೆಳೆಯಷ್ಟು ಸರಿಹೊಂದದಿದ್ದಾಗ ಸಲಾಕೆಯನ್ನು ಕಾಯಿಸಿ ಬಗ್ಗಿಸಲಿಲ್ಲ. ಕಾಯಿಸಿದ ಸ್ಪ್ರಿಂಗುಕ್ಕು ತನ್ನ ಹದವನ್ನು ಕಳೆದುಕೊಳ್ಳುತ್ತದೆ. ಹಿಡಿಕೆಯನ್ನೇ ಕೊಂಚ ಸರಿಸಿದನು. ಬೋಲ್ಟುಗಳನ್ನು ಕೊನೆಯದಾಗಿ ಬಿಗಿದುದು ಬಂಡಿಯು ನೆಲಕ್ಕಿಳಿದು ತನ್ನ ಭಾರವನ್ನು ತನ್ನ ಚಕ್ರಗಳ ಮೇಲೆ ತಾನೇ ಹೊತ್ತು ನಿಂತಮೇಲೆ.

ಮೊದಲು ಬರಿಯ ತೊಟ್ಟಿಯೊಡನೆ, ಅನಂತರ ಸೌದೆಯ ಹೊರೆಯೊಡನೆ, ತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳು ಬೆಟ್ಟದ ತಿರುವುಗಳಲ್ಲಿ ನಡೆಸಿದಳು. ಓಲಾಟವು ಗಣನೀಯವಾಗಿ ತಗ್ಗಿತ್ತು. “ಈಗ ಬಂಡಿ ಬಾಗುವುದೇ ಇಲ್ಲವಲ್ಲಪ್ಪ, ಇನ್ನಷ್ಟು ವೇಗವಾಗಿ ಹೋಗಬಹುದೇ?” ಎಂದಳು.

“ಬಂಡಿಯು ಬಾಗದಿದ್ದರೂ ಹಾದಿಯು ಮುನ್ನಿನಷ್ಟೇ ಬಾಗಿದೆಯಮ್ಮ,” ಎಂದನು ತಂದೆ.

ಆ ಉತ್ತರದಲ್ಲಿ ವಿಷಯದ ತಿರುಳೆಲ್ಲವೂ ಇದೆ. ಓಲಾಟವು ದೋಷವಷ್ಟೇ ಆಗಿರಲಿಲ್ಲ. ಮಿತಿಯು ಸಮೀಪಿಸಿತೆಂದು ಸಾರಥಿಯ ಮೈಗೆ ತಿಳಿಸುವ ಎಚ್ಚರಿಕೆಯೂ ಆಗಿತ್ತು. ಸಲಾಕೆಯು ದೋಷವನ್ನು ತಗ್ಗಿಸುವಾಗ ಎಚ್ಚರಿಕೆಯನ್ನೂ ತಗ್ಗಿಸುತ್ತದೆ. ಮಿತಿಯು ಮಾತ್ರ ಎಲ್ಲಿತ್ತೋ ಬಹುಮಟ್ಟಿಗೆ ಅಲ್ಲಿಯೇ ಇರುತ್ತದೆ. ಉಕ್ಕು ಮೌನವಾಗಿಸಿದ ಆ ಮಾತನ್ನು ಇನ್ನು ಹಿರಿಯರೇ ಆಡಬೇಕು, ಕಿರಿಯರು ನೆನಪಿನಲ್ಲಿಡಬೇಕು. ಮುಂದಿನ ವಾರ ಬೋಲ್ಟುಗಳು ಸಡಿಲಿವೆಯೇ ಎಂದು ಪರೀಕ್ಷಿಸುವ ಕೆಲಸವನ್ನು ತಂದೆಯು ಮಗಳಿಗೇ ಒಪ್ಪಿಸಿದನು. ಬಂಡಿಯ ಕೆಳಗೆ ಮಲಗಿ, ಕೈಗೆ ಗ್ರೀಸು ಬಳಿದುಕೊಂಡು, ತನ್ನನ್ನು ನೆಟ್ಟಗೆ ನಿಲ್ಲಿಸುವ ವಸ್ತುವು ಎಷ್ಟು ಸಣ್ಣದೆಂದು ಕಂಡವಳು ಅದರ ಮೇಲೆ ಮಿತಿಮೀರಿದ ಭರವಸೆಯನ್ನು ಇಡಲಾರಳು.