ಪಡಸಾಲೆಯ ಸಮುದ್ರಕ್ಕೆ ಬಂದ ಮೂರನೆಯ ಮೀನು

ನಮ್ಮೂರು ಮಾಸೂರು. ಕುಮುದ್ವತಿ ನದಿಗೆ ಅಡ್ಡಲಾಗಿ ಕಟ್ಟಿದ ಮದಗದ ಕೆರೆಯ ಊರು ಎಂದರೆ ಹಿರೇಕೆರೂರು ಸೀಮೆಯವರಿಗೆಲ್ಲ ಗೊತ್ತು. ಕೆರೆಯ ಮೀನು ನಮಗೆ ಹೊಸದಲ್ಲ. ಸಮುದ್ರದ ಮೀನು ನೋಡಬೇಕೆಂದರೆ ಮಾತ್ರ ಘಟ್ಟ ಇಳಿದು ಹೋಗಬೇಕು. ಅಂಥ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ಈಗ ಒಂದು ಪುಟ್ಟ ಸಮುದ್ರವಿದೆ. 200 ಲೀಟರ್ ನೀರು ಹಿಡಿಯುವ ಗಾಜಿನ ತೊಟ್ಟಿ ಅದು. ಒಂಬತ್ತನೇ ತರಗತಿಯ ಮೊಮ್ಮಗಳ ಹಟಕ್ಕೆ ನನ್ನ ಮಗ ಮಾಡಿಕೊಟ್ಟದ್ದು.

ಉಪ್ಪುನೀರು ಎಂದರೆ ಅಡುಗೆಮನೆಯ ಉಪ್ಪು ಕಲಸಿದ ನೀರಲ್ಲ. ಸಮುದ್ರದ ನೀರಿನಲ್ಲಿ ಉಪ್ಪಿನ ಜೊತೆಗೆ ಮೆಗ್ನೀಶಿಯಂ, ಕ್ಯಾಲ್ಸಿಯಂ ಮೊದಲಾದವೂ ಇರುತ್ತವೆ. ಅದಕ್ಕೆಂದೇ ತಯಾರಿಸಿದ ಉಪ್ಪನ್ನು ಶುದ್ಧ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಬೆರೆಸಬೇಕು. ಲೆಕ್ಕ ಹಾಕಿ ಮಕ್ಕಳೇ, ನಮ್ಮ ತೊಟ್ಟಿಗೆ ಎಷ್ಟು ಬೇಕಾಯಿತು? ಏಳು ಕಿಲೋ! ಬಿಸಿಲಿಗೆ ನೀರು ಆರಿದರೆ ಮತ್ತೆ ಹಾಕಬೇಕಾದದ್ದು ಸಿಹಿನೀರನ್ನೇ. ಏಕೆಂದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಇನ್ನು ಕರೆಂಟು ಹೋದರೆ ಗಾಳಿ ಆಡಿಸಲು ಬ್ಯಾಟರಿಯ ಪಂಪು. ಮೀನಿನ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾಗಳು ಬೆಳೆಯಲೆಂದು ಐದಾರು ವಾರ ಒಂದು ಮೀನನ್ನೂ ಬಿಡದೆ ಕಾದೆವು. ಬಂದವರೆಲ್ಲ “ಬರೀ ನೀರು ಸಾಕೀರೇನ್ರೀ?” ಎಂದು ನಕ್ಕು ಹೋದರು.

ಕೊನೆಗೆ ಬಂದವು ಎರಡು ಕ್ಲೌನ್ ಮೀನುಗಳು. 2003ರಲ್ಲಿ ಬಂದ ‘ಫೈಂಡಿಂಗ್ ನೀಮೊ’ ಸಿನಿಮಾದಿಂದ ಮಕ್ಕಳಿಗೆಲ್ಲ ಪರಿಚಯವಾದ, ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟಿಯ ಒಸೆಲಾರಿಸ್ ಎಂಬ ಜಾತಿ. ಸಮುದ್ರದಲ್ಲಿ ಇವು ಅನಿಮೋನ್ ಎಂಬ ಜೀವಿಯ ನಡುವೆ ಮನೆ ಮಾಡುತ್ತವೆ. ನೋಡಲು ಹೂವಿನಂತಿದ್ದರೂ ಅದು ಪ್ರಾಣಿ. ಅದರ ಎಸಳುಗಳು ಕುಟುಕುತ್ತವೆ. ಕ್ಲೌನ್ ಮೀನಿನ ಮೈಯ ಲೋಳೆ ಆ ಕುಟುಕಿನಿಂದ ಅದನ್ನು ಕಾಯುತ್ತದೆ. ಅನಿಮೋನ್ ಇಲ್ಲದೆಯೂ ಇವು ತೊಟ್ಟಿಯಲ್ಲಿ ಬದುಕಬಲ್ಲವು. ಹಾಗಾಗಿ ನಾವು ಒಂದು ಮಣ್ಣಿನ ಕುಡಿಕೆಯನ್ನು ಮಗ್ಗುಲಾಗಿ ಇಟ್ಟೆವು. ಎರಡೇ ದಿನಕ್ಕೆ ಅದು ಅವುಗಳ ಮನೆಯಾಯಿತು.

ಐದನೇ ತರಗತಿಯ ಮೊಮ್ಮಗನಿಗೆ ಮಾತ್ರ ಸಮಾಧಾನವಿಲ್ಲ. ಅವು ಅಕ್ಕನ ಮೀನುಗಳು, ತನ್ನದೊಂದು ಬೇಕು. ಅದೂ ಬೇರೆ ಜಾತಿಯದು, ಕೆಂಪಗಿನ ‘ಟೊಮೆಟೊ ಕ್ಲೌನ್’.

“ಅಜ್ಜಾ, ನಮ್ಮ ಕೆರ್‍ಯಾಗ ಕಾಟ್ಲಾ, ರೋಹು, ಮೃಗಾಲ್ ಮೂರೂ ಕೂಡಿ ಇರತಾವಲ್ಲ? ಇವು ಯಾಕ ಇರೂದಿಲ್ಲ?” ಎಂದು ಕೇಳಿದ.

ಪ್ರಶ್ನೆ ಒಳ್ಳೆಯದೇ. ಮೂರು ಜಾತಿಯ ಮರಿಗಳನ್ನು ಒಂದೇ ಕೆರೆಗೆ ಬಿಡುವುದು ಎಲ್ಲ ಕಡೆಯ ರೂಢಿ. ಆದರೆ ಅಲ್ಲೊಂದು ಗುಟ್ಟಿದೆ. ಕಾಟ್ಲಾ ಮೇಲಿನ ನೀರಿನಲ್ಲಿ ತಿನ್ನುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಒಂದರ ತಟ್ಟೆಗೆ ಇನ್ನೊಂದು ಕೈ ಹಾಕುವುದಿಲ್ಲ. ಕ್ಲೌನ್ ಮೀನುಗಳ ಸಂಗತಿ ಬೇರೆ. ಸುಮಾರು ಮೂವತ್ತು ಜಾತಿಗಳಿದ್ದರೂ ಎಲ್ಲಕ್ಕೂ ಬೇಕಾದದ್ದು ಒಂದೇ: ಅನಿಮೋನಿನಂಥ ಒಂದು ಮನೆ. ಬೇರೆ ಬೇರೆ ಊಟದವರು ಒಂದೇ ಮನೆಯಲ್ಲಿ ಇರಬಹುದು. ಎಲ್ಲರೂ ಒಂದೇ ಕೋಣೆ ತನಗೇ ಬೇಕೆಂದರೆ?

ಇಷ್ಟು ಹೇಳಿದ ಮೇಲೂ ಅವನ ಹುಟ್ಟುಹಬ್ಬಕ್ಕೆ ಸೋದರಮಾವ ಬೆಂಗಳೂರಿನಿಂದ ಟೊಮೆಟೊ ಕ್ಲೌನನ್ನು ತಂದೇಬಿಟ್ಟ. “ಎಲ್ಲಾ ಒಂದೇ ಕುಲದವು, ಕೂಡಿ ಬಿಡ್ರಿ, ಏನೂ ಆಗೂದಿಲ್ಲ” ಎಂದಿದ್ದನಂತೆ ಅಂಗಡಿಯವನು. ಬಂದ ಅತಿಥಿಯನ್ನು ಹೊರಗೆ ನಿಲ್ಲಿಸಲು ಬರುವುದಿಲ್ಲವಲ್ಲ? ಅದರ ಚೀಲವನ್ನು ನೀರಿನ ಮೇಲೆ ತೇಲಿಸಿ, ನಮ್ಮ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ ಒಳಗೆ ಬಿಟ್ಟೆವು. ಮೊಮ್ಮಗ ಅದಕ್ಕೊಂದು ಬೇರೆ ಕುಡಿಕೆಯನ್ನೂ ಇಟ್ಟ.

ಎರಡು ದಿನ ಎಲ್ಲ ಸರಿಯಿತ್ತು. ಮೊಮ್ಮಗಳು ಅಷ್ಟರಲ್ಲಿ ಒಂದು ಸಂಶೋಧನೆಯ ವಿಷಯ ಓದಿ ಹೇಳಿದಳು. ಜಪಾನಿನ ಓಕಿನಾವಾದ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ್ದು. ಒಸೆಲಾರಿಸ್ ಮೀನುಗಳು ಎದುರಿನ ಮೀನಿನ ಮೈಮೇಲಿನ ಬಿಳಿ ಪಟ್ಟಿಗಳನ್ನು ಎಣಿಸುವಂತೆ ಕಾಣುತ್ತದೆಯಂತೆ! ತಮ್ಮಂತೆಯೇ ಮೂರು ಪಟ್ಟಿ ಇರುವ ಮೀನು ಬಂದರೆ ಹೆಚ್ಚು ಹೊತ್ತು ಬೆನ್ನಟ್ಟುತ್ತವೆ, ಕಡಿಮೆ ಪಟ್ಟಿಯವುಗಳ ಮೇಲೆ ಅಷ್ಟು ಸಿಟ್ಟಿಲ್ಲ. ತಮ್ಮಂಥವರೇ ತಮ್ಮ ಮನೆ ಕಸಿಯುವವರು ಎಂಬ ಎಚ್ಚರ.

ಮೊಮ್ಮಗ ಕುಣಿದ. “ನನ್ನ ಮೀನಿಗೆ ಒಂದೇ ಪಟ್ಟಿ ಐತಿ! ಹಂಗಾದ್ರ ಜಗಳ ಆಗೂದಿಲ್ಲ!”

“ನನ್ನ ಮೀನು ನಿನ್ನ ಮೀನಿಗೆ ಬಡಿಯೂದಿಲ್ಲ, ಖರೆ. ನಿನ್ನ ಮೀನು ಬಡಿದ್ರ?” ಎಂದಳು ಅಕ್ಕ.

ಮೂರನೆಯ ದಿನ ಅದೇ ಆಯಿತು. ಟೊಮೆಟೊ ಕ್ಲೌನ್ ಒಸೆಲಾರಿಸ್‌ಗಿಂತ ದೊಡ್ಡದಾಗಿ ಬೆಳೆಯುವ, ಸಿಟ್ಟೂ ಹೆಚ್ಚಿರುವ ಜಾತಿ. ತನ್ನ ಕುಡಿಕೆಯ ಜೊತೆಗೆ ಇನ್ನೊಂದನ್ನೂ ಅದು ತನ್ನದು ಮಾಡಿಕೊಂಡಿತು. ಜೋಡಿಯಲ್ಲಿ ಚಿಕ್ಕದಾಗಿದ್ದ ಮೀನಿನ ಬಾಲ ಹರಿದಿತ್ತು. ಅದು ಪಂಪಿನ ಹಿಂದೆ ಸೇರಿಕೊಂಡು ಊಟಕ್ಕೂ ಹೊರಬರಲಿಲ್ಲ. ದೊಡ್ಡದು ಒಂದೇ ಸಮನೆ ಮೇಲಿನ ಮೂಲೆಯಲ್ಲಿ ನಿಂತಿತ್ತು.

ಆ ರಾತ್ರಿಯೇ ಮಗ ತೂತುಗಳಿರುವ ಪ್ಲಾಸ್ಟಿಕ್ ಹಾಳೆಯಿಂದ ತೊಟ್ಟಿಯನ್ನು ಎರಡು ಭಾಗ ಮಾಡಿದ. ಇತ್ತ ಜೋಡಿ, ಅತ್ತ ಟೊಮೆಟೊ. ಮಕ್ಕಳಿಬ್ಬರೂ ಮಾತು ಬಿಟ್ಟರು. ಒಬ್ಬಳಿಗೆ ಹರಿದ ಬಾಲದ ಸಂಕಟ, ಇನ್ನೊಬ್ಬನಿಗೆ ತನ್ನ ಮೀನನ್ನು ಎಲ್ಲರೂ ಕೆಟ್ಟದ್ದು ಎನ್ನುತ್ತಾರೆಂಬ ಸಂಕಟ.

ನಾನು ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದೆ: “ನಿನ್ನ ಮೀನು ಕೆಟ್ಟದ್ದಲ್ಲಪ್ಪಾ. ಸಮುದ್ರದಾಗ ಮನಿ ಕಾಯದ ಕ್ಲೌನ್ ಮೀನು ಉಳಿಯೂದಿಲ್ಲ. ಅದು ತನಗ ಬಂದ ಕೆಲಸ ಮಾಡತೈತಿ.” ಪಪುವಾ ನ್ಯೂಗಿನಿಯ ಸುತ್ತಲಿನ ಸಮುದ್ರದಲ್ಲಿ ಕೆಲವೊಮ್ಮೆ ಎರಡು ಜಾತಿಯ ಕ್ಲೌನ್ ಮೀನುಗಳು ಒಂದೇ ಅನಿಮೋನಿನಲ್ಲಿ ಇರುವುದೂ ಉಂಟು. ಆದರೆ ಅಲ್ಲಿ ಸೋತ ಮೀನಿಗೆ ಓಡಿ ಹೋಗಲು ಜಾಗವಿದೆ. ನಮ್ಮ ತೊಟ್ಟಿಯಲ್ಲಿ ಸೋತದ್ದು ಎಲ್ಲಿಗೆ ಹೋಗಬೇಕು? ಗಾಜಿನ ಆಚೆ ಸಮುದ್ರವಿಲ್ಲ, ನಮ್ಮ ಪಡಸಾಲೆ ಇದೆ.

ಮೂರು ವಾರ ಅವನೇ ಎರಡೂ ಕಡೆ ಊಟ ಹಾಕಿದ. ಹರಿದ ಬಾಲ ನಿಧಾನವಾಗಿ ಬೆಳೆಯಿತು. ಟೊಮೆಟೊ ಮಾತ್ರ ಹಾಳೆಯ ಪಕ್ಕದಲ್ಲೇ ಅತ್ತಿಂದಿತ್ತ ಓಡಾಡುತ್ತಿತ್ತು. ಒಂದು ಸಂಜೆ ಬಂದು ಕೇಳಿದ: “ಅಜ್ಜಾ, ಇದು ಅರ್ಧಾ ಮನ್ಯಾಗ ಎಷ್ಟು ದಿನಾ ಇರಬೇಕು?” ನಾನು ಉತ್ತರ ಹೇಳಲಿಲ್ಲ. ಮರುದಿನ ಅವನೇ ಮಾವನಿಗೆ ಫೋನು ಮಾಡಿದ. ಮಾವನ ಗೆಳೆಯರೊಬ್ಬರ ಮನೆಯಲ್ಲಿ ದೊಡ್ಡ ತೊಟ್ಟಿಯಿತ್ತು, ಅದರಲ್ಲಿ ಬೇರೆ ಕ್ಲೌನ್ ಮೀನುಗಳಿರಲಿಲ್ಲ. ಮೀನನ್ನು ಚೀಲಕ್ಕೆ ಹಾಕುವಾಗ ಅವನು ಅಳಲಿಲ್ಲ. ಗಾಡಿ ಹೋದ ಮೇಲೆ ಹಿತ್ತಲಿಗೆ ಹೋಗಿ ಅತ್ತ. ಅಕ್ಕ ಹಿಂದೆಯೇ ಹೋಗಿ ಸುಮ್ಮನೆ ಪಕ್ಕದಲ್ಲಿ ಕೂತಳು.

ಹಾಳೆ ತೆಗೆದೆವು. ಒಂದೂವರೆ ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಶಾಲೆಗೆ ಹೊರಟಿದ್ದ ಮೊಮ್ಮಗನೇ ಮೊದಲು ಕೂಗಿದ: “ಅಕ್ಕಾ, ಕುಡಿಕೆಗೆ ಏನೋ ಅಂಟೈತಿ!” ಕಿತ್ತಳೆ ಬಣ್ಣದ ಸಣ್ಣ ಸಣ್ಣ ಮೊಟ್ಟೆಗಳು! ಬಾಲ ಹರಿದಿದ್ದ ಆ ಚಿಕ್ಕ ಮೀನೇ ಅಪ್ಪ. ಅದು ಹಗಲೆಲ್ಲ ರೆಕ್ಕೆಯಿಂದ ಗಾಳಿ ಬೀಸಿದಂತೆ ಮೊಟ್ಟೆಗಳಿಗೆ ಹೊಸ ನೀರು ತಾಗಿಸುತ್ತಿತ್ತು. ಇನ್ನೊಂದು ವಿಚಿತ್ರ ಕೇಳಿ: ಕ್ಲೌನ್ ಮೀನುಗಳು ಮೊದಲಿಗೆ ಎಲ್ಲವೂ ಗಂಡಾಗಿಯೇ ಬೆಳೆಯುತ್ತವೆ. ಗುಂಪಿನ ಯಜಮಾನಿಕೆ ಹಿಡಿದದ್ದು ಹೆಣ್ಣಾಗುತ್ತದೆ. ಅದು ಸತ್ತರೆ ಅದರ ಜೊತೆಗಾರ ಗಂಡು ಹೆಣ್ಣಾಗಿ ಆ ಜಾಗಕ್ಕೆ ಬರುತ್ತದೆ! ಎಂಟನೆಯ ರಾತ್ರಿ ಮೊಟ್ಟೆ ಒಡೆದವು. ಆ ಮರಿಗಳಿಗೆ ರೋಟಿಫರ್ ಎಂಬ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳೇ ಆಹಾರ. ಅದನ್ನು ಬೆಳೆಸುವ ವ್ಯವಸ್ಥೆ ಮನೆಯಲ್ಲಿ ಇಲ್ಲದ್ದರಿಂದ ಮರಿಗಳು ಉಳಿಯಲಿಲ್ಲ. ಕೊಚ್ಚಿಯಲ್ಲಿ ಮುಖ್ಯ ಕಚೇರಿಯಿರುವ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್ ಮೀನಿನ ಮರಿ ಬೆಳೆಸುವ ವಿಧಾನವನ್ನು ಸಿದ್ಧಪಡಿಸಿದೆ. ಅದರ ಕೇಂದ್ರಗಳು ನಮ್ಮ ಮಂಗಳೂರು, ಕಾರವಾರಗಳಲ್ಲೂ ಇವೆ. ಒಮ್ಮೆ ಮಕ್ಕಳನ್ನು ಅತ್ತ ಕರೆದೊಯ್ಯುವ ಆಸೆ ನನಗಿದೆ.

ನಿಮ್ಮ ಮನೆಯ ಮಕ್ಕಳೂ ಕ್ಲೌನ್ ಮೀನು ಕೇಳಿದರೆ ನಮ್ಮ ಮನೆಯ ನಿಯಮ ಹೇಳುತ್ತೇನೆ: ಒಂದು ತೊಟ್ಟಿಗೆ ಒಂದೇ ಜಾತಿ, ಒಂದೇ ಜೋಡಿ. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮೀನನ್ನೇ ಕೇಳಿ ತನ್ನಿ. ಸಮುದ್ರದ ಹವಳವನ್ನಂತೂ ಮುಟ್ಟಬೇಡಿ, 1972ರ ವನ್ಯಜೀವಿ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಚೆನ್ನಾಗಿ ನೋಡಿಕೊಂಡರೆ ಈ ಮೀನು ಇಪ್ಪತ್ತು ವರ್ಷವೂ ಬದುಕಬಲ್ಲದು. ಎಂದರೆ ಅಜ್ಜ ಶುರು ಮಾಡಿದ್ದನ್ನು ಮೊಮ್ಮಗ ಮುಂದುವರಿಸಬೇಕಾದೀತು.

ಮೊನ್ನೆ ಬೆಂಗಳೂರಿನಿಂದ ಟೊಮೆಟೊ ಕ್ಲೌನಿನ ಫೋಟೊ ಬಂತು. ದಪ್ಪಗಾಗಿದೆ. ಮೊಮ್ಮಗ ಅದನ್ನು ಅಕ್ಕನಿಗೆ ತೋರಿಸಿ ಹೇಳಿದ: “ನೋಡು, ಈಗ ಅದಕ್ಕ ಪೂರಾ ಮನಿ ಸಿಕ್ಕೈತಿ.”